ಮೊಣಕಾಲುದ್ದ ನೀರು

ಝುಲ್ಫಾಳಿಗೆ ಆರು ತುಂಬುತ್ತ ಬಂದಿದ್ದರೂ ಬಚ್ಚಲುಮನೆಯ ಬಕೆಟ್ಟಿಗಿಂತ ದೊಡ್ಡ ನೀರಿಗೆ ಅವಳು ಕೈಹಾಕಿದವಳಲ್ಲ. ಯಾವ ದಿಕ್ಕಿಗೆ ಹೊರಟರೂ ಕಡಲೇ ಎದುರಾಗುವ ಬಹ್ರೈನಿನಲ್ಲಿ ಮಗುವನ್ನು ಹಾಗೆ ಬೆಳೆಸುವುದು ಸುಲಭವಲ್ಲ. ಶಾಲೆಯಿಂದ ಬೀಚಿಗೆ ಪಿಕ್ನಿಕ್ ಎಂದು ಗೊತ್ತಾದರೆ ಆ ದಿನ ಅವಳಿಗೆ ಜ್ವರ. ಹಾಗೆಂದು ಅವಳ ಅಪ್ಪ ಉಮ್ಮರ್ ಕುಂಞಿ ಟೀಚರಿಗೆ ಫೋನು ಮಾಡುತ್ತಿದ್ದ. ಮೀನಾ ಸಲ್ಮಾನ್ ಬಂದರಿನ ಗೋದಾಮೊಂದರಲ್ಲಿ ಸೂಪರ್‌ವೈಸರ್ ಆಗಿದ್ದ ಅವನು ದಿನವಿಡೀ ಹಡಗುಕಟ್ಟೆಯ ಪಕ್ಕದಲ್ಲೇ ಇದ್ದರೂ ಮನೆಯಲ್ಲಿ ಕಡಲಿನ ಹೆಸರೆತ್ತುತ್ತಿರಲಿಲ್ಲ.

ಕಾರಣ ಏನೆಂದು ಪಕ್ಕದ ಫ್ಲ್ಯಾಟಿನ ಚಿತ್ರಾಳಿಗೆ ಗೊತ್ತಿತ್ತು. ದಾವಣಗೆರೆಯ ಚಿತ್ರಾ ಮಾಹೂಝ್ ಬಡಾವಣೆಯ ಆ ಕಟ್ಟಡಕ್ಕೆ ಬಂದ ಹೊಸತರಲ್ಲಿ, ಕನ್ನಡ ಕೇಳಿ ಬಾಗಿಲು ತಟ್ಟಿದವಳು ಉಮ್ಮರ್ ಕುಂಞಿಯ ಹೆಂಡತಿ ಶಹರ್ಬಾನು. ಒಂದು ದಿನ ಬಂಗುಡೆ ಮೀನು ತೊಳೆಯುತ್ತ ಕುಳಿತಾಗ ಅವಳು ತಾನಾಗಿಯೇ ಹೇಳಿದ್ದಳು. ಝುಲ್ಫಾಳಿಗಿಂತ ಮೊದಲು ಅವಳಿಗೊಬ್ಬ ಮಗನಿದ್ದ, ಶಹೀರ್. ಶಹರ್ಬಾನು ಎರಡನೆಯ ಬಾಣಂತನಕ್ಕೆ ಉಳ್ಳಾಲದ ತವರಿಗೆ ಹೋದಾಗ ಐದು ವರ್ಷದ ಅವನು ಅಪ್ಪನ ಜೊತೆ ಇಲ್ಲೇ ಉಳಿದಿದ್ದ. ರಜೆ ಸಿಕ್ಕ ಕೂಡಲೇ ಕರೆದುಕೊಂಡು ಬರುತ್ತೇನೆ ಎಂದಿದ್ದ ಗಂಡನಿಗೆ ರಜೆ ಸಿಗಲಿಲ್ಲ. ಅಲ್ಲಿ ಝುಲ್ಫಾ ಹುಟ್ಟಿದ ದಿನವೇ ಇಲ್ಲಿ ಹುಡುಗ ಕಡಲಲ್ಲಿ ಮುಳುಗಿದ. ಹಸಿ ಬಾಣಂತಿ ವಿಮಾನ ಹತ್ತುವುದು ಹೇಗೆ? ಮನಾಮದ ಖಬರಸ್ಥಾನದಲ್ಲಿ ಅವನನ್ನು ಮಣ್ಣು ಮಾಡಿಯಾಯಿತು.

"ಮುಖ ನೋಡ್ಲಿಲ್ಲ ನಾನು," ಎಂದಿದ್ದಳು ಶಹರ್ಬಾನು, ಮೀನಿನ ಹೊಟ್ಟೆಯಿಂದ ಕೈ ತೆಗೆಯದೆ. "ಸತ್ತದ್ದು ನನ್ನ ಮಗ ಅಂತ ನಂಬ್ಲಿಕ್ಕೆ ನಂಗೆ ಒಂದು ಮುಖ ಬೇಕಿತ್ತು."

ಅದಾದ ಮೇಲೆ ಆ ಮಾತು ಇಬ್ಬರ ನಡುವೆ ಮತ್ತೆ ಬಂದಿರಲಿಲ್ಲ.

ಎರಡು ಸಾವಿರದ ಎಂಟರ ಆ ಬೇಸಿಗೆಯಲ್ಲಿ ಝುಲ್ಫಾ ಹಟ ಹಿಡಿದಳು. ಅವಳ ತರಗತಿಯವರೆಲ್ಲ ನೀರಿನ ಪಾರ್ಕಿಗೆ ಹೋಗಿಬಂದಿದ್ದರು. ಊಟ ಬಿಟ್ಟು ಸೋಫಾದ ಹಿಂದೆ ಕುಳಿತ ಮಗಳನ್ನು ನೋಡಿ ಶಹರ್ಬಾನುವಿಗೆ ಸಾಕಾಯಿತು.

"ಬುದೈಯಾ ರಸ್ತೆಯಲ್ಲಿ ಜಪಾನಿ ಪಾರ್ಕ್ ಉಂಟಂತಲ್ಲ, ಸಣ್ಣ ಮಕ್ಕಳದ್ದು," ಎಂದು ಚಿತ್ರಾಳನ್ನು ಕೇಳಿದಳು. "ಮೊಣಕಾಲಿನಷ್ಟೇ ನೀರಂತೆ. ಮಂಗಳವಾರ ಹೆಂಗಸರು ಮಕ್ಕಳು ಮಾತ್ರ. ಇವರಿಗೆ ಹೇಳುದು ಬೇಡ. ನೀನು ಕರ್ಕೊಂಡು ಹೋಗ್ತೀಯಾ?"

ಚಿತ್ರಾಳ ಗಂಡ ಯಶವಂತ್ ಸಿತ್ರಾದ ಕಾರ್ಖಾನೆಯಲ್ಲಿ ಪಾಳಿಯ ಎಂಜಿನಿಯರ್. ಅವನು ಕಂಪನಿಯ ಬಸ್ಸಿನಲ್ಲಿ ಹೋಗುತ್ತಿದ್ದುದರಿಂದ ಕಾರು ಮನೆಯಲ್ಲೇ ಇರುತ್ತಿತ್ತು. ನಾಲ್ಕು ವರ್ಷದ ಮಗ ವಿಕಾಸನೂ ಮನೆಯೊಳಗೆ ಕುಳಿತು ಕುಳಿತು ಗೋಡೆ ಗೀಚುತ್ತಿದ್ದ. "ಅದಕ್ಕೇನ್ರೀ, ಹೋಗಾಣ ಬರ್ರಿ," ಎಂದಳು ಚಿತ್ರಾ.

ಖರ್ಜೂರದ ತೋಟಗಳ ನಡುವೆ ಇದ್ದ ಆ ಪಾರ್ಕು ಹಳೆಯದಾಗಿತ್ತು. ದೊಡ್ಡ ದೊಡ್ಡ ಜಾರುಬಂಡೆಗಳ ಹೊಸ ಪಾರ್ಕುಗಳು ಬಂದ ಮೇಲೆ ಜನ ಅತ್ತ ಹೋಗಿ, ಇಲ್ಲಿ ಎಳೆಯ ಮಕ್ಕಳ ತಾಯಂದಿರಷ್ಟೇ ಉಳಿದಿದ್ದರು. ಅಂಕುಡೊಂಕಾಗಿ ಹರಿದ ಕಿರುಗಾಲುವೆ, ಅದು ಸೇರುವ ದುಂಡನೆಯ ಕೊಳ, ಕೊಳದ ಮೇಲೆ ಬಣ್ಣ ಮಾಸಿದ ಕೆಂಪು ಕಮಾನು ಸೇತುವೆ. ಅಲ್ಲಲ್ಲಿ ಬಿದಿರಿನ ಕೊಳವೆಗಳು ನೀರು ತುಂಬಿ ಬಾಗಿ, ಖಾಲಿಯಾಗಿ, ಟಕ್ಕೆಂದು ಕಲ್ಲಿಗೆ ಬಡಿಯುತ್ತಿದ್ದವು. ಆ ಸದ್ದು ಬಿಟ್ಟೂ ಬಿಡದೆ ಇಡೀ ಜಾಗವನ್ನು ಆಳುತ್ತಿತ್ತು.

ಅದನ್ನು ನಡೆಸುತ್ತಿದ್ದವಳು ಕಿನುಯೊ ಎಂಬ ಜಪಾನಿ ಮುದುಕಿ. ಬಹ್ರೈನಿ ವ್ಯಾಪಾರಿಯೊಬ್ಬನನ್ನು ಮದುವೆಯಾಗಿ ಬಂದು, ಅವನು ತೀರಿಕೊಂಡ ಮೇಲೂ ಇಲ್ಲೇ ಉಳಿದವಳು. ಕಾಲು ಸುಡುವ ಹಾಸುಗಲ್ಲಿಗೆ ಪೈಪಿನಿಂದ ನೀರು ಬಿಡುತ್ತ ನಿಂತಿದ್ದ ಅವಳು, ಮಕ್ಕಳನ್ನು ಕಂಡು ಅರ್ಧ ಅರಬ್ಬಿ, ಅರ್ಧ ಇಂಗ್ಲಿಷಿನಲ್ಲಿ ಸ್ವಾಗತಿಸಿದಳು.

ಕೊಳದ ದಡದಲ್ಲಿ ಒಂದು ಬೊಂಬೆ ಕುಳಿತಿತ್ತು. ಆಮೆಯ ಬೆನ್ನು, ಕಪ್ಪೆಯ ಕೈಕಾಲು, ನೆತ್ತಿಯ ಮೇಲೊಂದು ತಟ್ಟೆ. ತಟ್ಟೆಯಿಂದ ನೀರು ಸುರಿಯುತ್ತಿತ್ತು.

"ಕಪ್ಪಾ," ಎಂದಳು ಕಿನುಯೊ ಅದನ್ನು ತೋರಿಸಿ.

"ಕಪ್ಪೆ," ಎಂದು ವಿಕಾಸ್ ತಿದ್ದಿದ.

ಚಿತ್ರಾ ನಕ್ಕುಬಿಟ್ಟಳು. ಇದು ಕಪ್ಪೆಯಲ್ಲ, ನಮ್ಮ ಕಡೆ ಹೊಳೆಯಲ್ಲಿರುತ್ತದೆ, ಮಕ್ಕಳನ್ನು ನೀರಿಗೆ ಎಳೆದುಕೊಳ್ಳುತ್ತದೆ ಎಂದು ಮುದುಕಿ ವಿವರಿಸಿದಳು. ಅಂಥದ್ದನ್ನು ಮಕ್ಕಳು ಆಡುವ ಕಡೆ ಯಾಕಿಟ್ಟಿದ್ದೀರಿ ಎಂದು ಕೇಳಿದ್ದಕ್ಕೆ, "ನೀರಿನ ಹತ್ತಿರ ಸ್ವಲ್ಪ ಹೆದರಿಕೆ ಇರಬೇಕು" ಎಂದಳು. ಹೇಳುವಾಗ ಅವಳು ನಗಲಿಲ್ಲ.

ಝುಲ್ಫಾ ಮೊದಲು ಬೆರಳು ಅದ್ದಿದಳು, ಆಮೇಲೆ ಪಾದ. ಹತ್ತು ನಿಮಿಷದಲ್ಲಿ ಕಾಲುವೆಯ ತುಂಬ ಅವಳದೇ ಕೇಕೆ. ಶಹರ್ಬಾನು ಕಪ್ಪು ಅಬಾಯವನ್ನು ಮೊಣಕಾಲಿಗೆ ಎತ್ತಿ ದಡದಲ್ಲಿ ಕುಳಿತು, ಮಗಳ ಮೇಲಿಂದ ಕಣ್ಣು ಕೀಳಲಿಲ್ಲ. ನಗುತ್ತಿದ್ದಳು, ಆದರೆ ಕೈಗಳು ಸದಾ ಮುಂದಕ್ಕೆ ಚಾಚಿಯೇ ಇದ್ದವು.

ವಿಕಾಸ್ ಸೇತುವೆಯ ಕೆಳಗಿನ ನೆರಳು ಹಿಡಿದು ಕುಳಿತಿದ್ದ. ಪ್ಲಾಸ್ಟಿಕ್ ಲೋಟದಲ್ಲಿ ನೀರು ತುಂಬಿ ಎದುರಿಗೆ ನೀಡುತ್ತಿದ್ದ. ಸ್ವಲ್ಪ ತಡೆದು, ಖಾಲಿ ಲೋಟವನ್ನು ಹಿಂದಕ್ಕೆ ತೆಗೆದುಕೊಂಡು ಮತ್ತೆ ತುಂಬುತ್ತಿದ್ದ. ನಡುನಡುವೆ ಏನೋ ಮಾತು, ನಂತರ ಕೇಳಿಸಿಕೊಳ್ಳುವವನ ಹಾಗೆ ಮೌನ. ಒಂಟಿ ಮಕ್ಕಳು ಹೀಗೇ ಆಡುತ್ತಾರೆ ಎಂದುಕೊಂಡಳು ಚಿತ್ರಾ. ಆದರೂ ಆ ನೆರಳಿನಲ್ಲಿ ನೀರು ಮಿಕ್ಕ ಕಡೆಗಿಂತ ತಣ್ಣಗಿದೆಯೆಂದು ಅವನನ್ನು ಎತ್ತಿಕೊಳ್ಳುವಾಗ ಅವಳ ಪಾದಕ್ಕೆ ಗೊತ್ತಾಯಿತು.

ಮರಳುವಾಗ ಕಾರಿನಲ್ಲಿ ವಿಕಾಸ್ ಕಿಟಕಿಗೆ ಮೂಗು ಒತ್ತಿ ಹಿಂದಕ್ಕೇ ನೋಡುತ್ತಿದ್ದ.

"ದಟ್ ಬಾಯ್ ಕಾಂಟ್ ಕಮ್," ಎಂದ.

"ಯಾವ ಬಾಯ್?"

"ಅಂಡರ್ ದ ಬ್ರಿಜ್. ಹಿ ಹ್ಯಾಸ್ ಟು ವೇಟ್. ಅವನ ಉಪ್ಪಾ ಸೆಡ್, ಸ್ಟೇ ಹಿಯರ್."

ಉಪ್ಪಾ ಎಂದರೆ ಅಪ್ಪ; ಝುಲ್ಫಾ ತನ್ನ ಅಪ್ಪನನ್ನು ಕರೆಯುವುದು ಹಾಗೆ. ಶಹರ್ಬಾನು ಮಗುವಿನ ಆಟಕ್ಕೆ ಸೇರುವ ದನಿಯಲ್ಲಿ ಕೇಳಿದಳು, "ಅವನ ಉಪ್ಪಾ ಎಲ್ಲಿಗೆ ಹೋದ್ರು ಹಾಗಾದ್ರೆ?"

"ಬ್ರಿಜ್ ಮೇಲೆ. ಫೋನ್ ಬಂತು. ಬೇಬಿ ಬಂತು ಅಂತ ಫೋನ್." ವಿಕಾಸ್ ಕಿಟಕಿಯ ಮೇಲೆ ಉಸಿರು ಬಿಟ್ಟು ಗೆರೆ ಎಳೆದ. "ಬೇಬಿ ಗರ್ಲ್. ಶಹೀರ್ ಅಂತ ಹೆಸರು ಅವನಿಗೆ."

ಚಿತ್ರಾಳ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಹಿಂದಿನ ಕಾರು ಹಾರ್ನ್ ಹೊಡೆದು ಪಕ್ಕದಿಂದ ಸರಿಯಿತು. ಶಹರ್ಬಾನು ನಿಧಾನವಾಗಿ ಮಗಳತ್ತ ತಿರುಗಿದಳು. "ನೀನು ಹೇಳಿದ್ದಾ ಇವನಿಗೆ?"

"ನಾನ್ ಎಂತ ಹೇಳ್ಲಿಲ್ಲ ಉಮ್ಮಾ," ಎಂದಳು ಝುಲ್ಫಾ.

ಚಿತ್ರಾ ಕಾರನ್ನು ಮತ್ತೆ ಮುಂದಕ್ಕೆ ಬಿಟ್ಟಳು.

ಯಶವಂತನಿಗೆ ಇದನ್ನು ಹೇಳಿದಾಗ ಅವನು ಊಟದ ತಟ್ಟೆಯಿಂದ ತಲೆಯೆತ್ತಲಿಲ್ಲ. "ಆ ಹುಡುಗಿ ಯಾವಾಗ್ಲೋ ಅಣ್ಣನ ಹೆಸ್ರು ಹೇಳಿರ್ತಾಳೆ. ಮಕ್ಳು ಏನೋ ಜೋಡಿಸ್ಕಂಡು ಹೇಳ್ತಾರೆ. ಅದನ್ನೇ ಹಿಡ್ಕಂಡು ಹೋದ್ರೆ ಆಯಮ್ಮನಿಗೇ ತ್ರಾಸು, ಬಿಡು."

ಚಿತ್ರಾಳಿಗೂ ಬಿಡುವ ಮನಸ್ಸೇ ಇತ್ತು. ಆದರೆ ಮರುವಾರದ ಹೊತ್ತಿಗೆ ಶಹರ್ಬಾನುವಿನ ಕಣ್ಣು ಗುಳಿಬಿದ್ದಿತ್ತು. ಬೆಳಿಗ್ಗೆ ಗಂಡ ಕೆಲಸಕ್ಕೆ ಹೊರಟ ಸದ್ದು ಮೆಟ್ಟಿಲಲ್ಲಿ ಅಡಗುತ್ತಲೇ ಅವಳು ಬಾಗಿಲಲ್ಲಿದ್ದಳು.

"ಇನ್ನೊಂದು ಸಲ ಹೋಗುವ. ವಿಕಾಸನನ್ನೂ ಕರ್ಕೊಂಡು."

"ಅಲ್ರೀ, ಅವನು ಹೋಗಿದ್ದು ಕಡಲಲ್ಲಿ ಅಂತ ನೀವೇ ಹೇಳಿದ್ರಲ್ಲ."

"ಕಡಲು ಅಂತ ಇವರು ಹೇಳಿದ್ದು. ನಾನು ನೋಡಿದ್ದಲ್ಲ." ಶಹರ್ಬಾನು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಇವಳು ಹುಟ್ಟಿದ್ದು ಮಧ್ಯಾಹ್ನ. ನನ್ನ ಅಣ್ಣ ಫೋನ್ ಮಾಡಿದ್ದು ನಂಗೆ ಕೇಳಿಸ್ತಿತ್ತು, ಹೆಣ್ಣು ಅಂತ. ಆಮೇಲೆ ಇವರ ಫೋನ್ ಬಂದದ್ದು ರಾತ್ರಿ. ಶಹೀರ್ ಎಷ್ಟು ಹೊತ್ತಿಗೆ ಹೋದ ಅಂತ ಕೇಳಿದ್ರೆ ಈವರೆಗೆ ಉತ್ತರ ಕೊಡ್ಲಿಲ್ಲ."

ಚಿತ್ರಾ ಕಾರಿನ ಕೀಲಿ ತೆಗೆದುಕೊಂಡಳು.

ಅಂದು ಗಾಳಿಯೇ ಇರಲಿಲ್ಲ. ಆಕಾಶ ಬೂದುಬಣ್ಣಕ್ಕೆ ತಿರುಗಿ, ಸೆಕೆ ಒದ್ದೆ ಬಟ್ಟೆಯಂತೆ ಮೈಗೆ ಅಂಟುತ್ತಿತ್ತು. ವಿಕಾಸ್ ಒಳಗೆ ಬಂದವನೇ ಸೇತುವೆಯ ಕಡೆ ಓಡಲು ನೋಡಿದ. ಚಿತ್ರಾ ಅವನ ಕೈ ಬಿಡದೆ, ಉಡುಪು ಬದಲಿಸಲು ಕಣಗಿಲೆ ಗಿಡಗಳ ಹಿಂದಕ್ಕೆ ಎಳೆದೊಯ್ದಳು. ಅಲ್ಲಿ, ಬೇರೆ ಯಾರ ಕಣ್ಣಿಗೂ ಬೀಳದ ಹಾಗೆ, ಮೊಳದುದ್ದದ ಒಂದು ಕಲ್ಲು ನೆಟ್ಟಿದ್ದರು. ಬೋಳುತಲೆ, ಮುಚ್ಚಿದ ಕಣ್ಣು, ಮುಗಿದ ಕೈ. ಕೊರಳಿಗೆ ಎಳೆಗೂಸಿಗೆ ಕಟ್ಟುವಂಥ ಕೆಂಪು ಜೊಲ್ಲುಬಟ್ಟೆ. ಮುಂದೆ ಒಂದು ಪುಟ್ಟ ಆಟದ ಕಾರು, ಬಿಸಿಲಿಗೆ ಬೆಳ್ಳಗಾಗಿತ್ತು. ಅರಳಿಕಟ್ಟೆಯ ನಾಗರಕಲ್ಲಿನ ಮುಂದೆ ನಿಂತಾಗ ಆಗುವಂತೆ ಅವಳ ಕೈ ಎದೆಗೆ ಹೋಯಿತು.

"ಇದು ಯಾರದು?" ಎಂದು ಬೆನ್ನ ಹಿಂದಿನಿಂದ ಶಹರ್ಬಾನು ಕೇಳಿದಳು. ಅವಳು ಕೇಳಿದ್ದು ಚಿತ್ರಾಳನ್ನಲ್ಲ, ಪೈಪು ಹಿಡಿದು ಬಂದಿದ್ದ ಕಿನುಯೊಳನ್ನು.

ಮುದುಕಿ ಪೈಪಿನ ನೀರು ನಿಲ್ಲಿಸಿದಳು. "ಅಪ್ಪ ಅಮ್ಮನಿಗಿಂತ ಮೊದಲು ಹೋಗುವ ಮಕ್ಕಳಿಗೆ," ಎಂದಳು ಇಂಗ್ಲಿಷಿನಲ್ಲಿ, ಪದ ಹುಡುಕುತ್ತ. "ಅವಕ್ಕೆ ಆಚೆ ದಾರಿ ಗೊತ್ತಿರುವುದಿಲ್ಲ. ಇವನು ಕೈ ಹಿಡಿಯುತ್ತಾನೆ. ನಮ್ಮಲ್ಲಿ ಹಾಗೆ ನಂಬುತ್ತಾರೆ."

"ಇಲ್ಲಿ ಮಗು ಹೋಗಿದೆಯಾ?"

"ಒಬ್ಬ ಹುಡುಗ. ಇಂಡಿಯನ್. ಈ ಸೇತುವೆಯ ಕೆಳಗೆ. ಆರು ವರ್ಷ ಆಯಿತು. ನೀರು ಇಷ್ಟೇ." ಕಿನುಯೊ ತನ್ನ ಮೊಣಕಾಲು ಮುಟ್ಟಿ ತೋರಿಸಿದಳು. "ಜಾರಿರಬೇಕು, ತಲೆಗೆ ಪೆಟ್ಟಾಗಿರಬೇಕು. ಸದ್ದೇ ಆಗಲಿಲ್ಲ. ಅವನ ತಂದೆ ಪ್ರತಿ ಆಗಸ್ಟಿನಲ್ಲಿ ಬರುತ್ತಾರೆ. ಒಳಗೆ ಬರುವುದಿಲ್ಲ. ಬೇಲಿಯ ಆಚೆ ನಿಲ್ಲುತ್ತಾರೆ. ನಾನು ಬಾಗಿಲು ತೆರೆದರೆ ಹೊರಟುಹೋಗುತ್ತಾರೆ."

ಪ್ರತಿ ಆಗಸ್ಟಿನಲ್ಲಿ, ಝುಲ್ಫಾಳ ಹುಟ್ಟುಹಬ್ಬದ ಸಂಜೆ, ಹಡಗು ಬಂದಿದೆಯೆಂದು ಹೇಳಿ ಉಮ್ಮರ್ ಕುಂಞಿ ಮನೆಯಿಂದ ಹೊರಬೀಳುತ್ತಿದ್ದ. ಕೇಕು ಕತ್ತರಿಸುವಾಗ ಅವನು ಒಮ್ಮೆಯೂ ಇದ್ದದ್ದಿಲ್ಲ. ಅದು ಚಿತ್ರಾಳಿಗೂ ಗೊತ್ತಿತ್ತು.

ಶಹರ್ಬಾನು ಅಳಲಿಲ್ಲ. ತಿರುಗಿ ನಡೆದು, ಚಪ್ಪಲಿಯನ್ನೂ ಬಿಡದೆ ಕೊಳಕ್ಕೆ ಇಳಿದಳು. ಅಬಾಯ ನೀರಿನ ಮೇಲೆ ಉಬ್ಬಿ, ನೆನೆದು, ಮುಳುಗಿತು. ವಿಕಾಸ್ ಅಮ್ಮನ ಕೈ ಬಿಡಿಸಿಕೊಂಡು ಅಷ್ಟರಲ್ಲೇ ಸೇತುವೆಯ ನೆರಳು ಸೇರಿದ್ದ. ಬಿದಿರು ಟಕ್ಕೆಂದಿತು.

"ಮಗಾ, ಅವನಿದ್ದಾನಾ?"

ವಿಕಾಸ್ ಹೌದೆಂದು ತಲೆಯಾಡಿಸಿದ.

"ಎಲ್ಲಿ?"

ಅವನು ತನ್ನ ಪಕ್ಕದ ನೀರನ್ನು ಬೆರಳಿನಿಂದ ತೋರಿಸಿದ. ಅಲ್ಲಿ ಕಲ್ಲುಕಂಬದ ನೆರಳು ಬಿಟ್ಟು ಬೇರೇನೂ ಇರಲಿಲ್ಲ. ಶಹರ್ಬಾನು ಆ ಜಾಗದ ಎದುರು ನೀರಿನಲ್ಲೇ ಮಂಡಿಯೂರಿದಳು. ಶಿರವಸ್ತ್ರ ಹಿಂದಕ್ಕೆ ಸರಿಸಿದಳು, ಕನ್ನಡಕ ತೆಗೆದಳು, ಮುಖ ಕಾಣಲಿ ಎಂಬಂತೆ.

"ಕೇಳು ಅವನಿಗೆ. ನಾನು ಯಾರು ಅಂತ ಕೇಳು."

ವಿಕಾಸ್ ಪಕ್ಕಕ್ಕೆ ತಿರುಗಿ ಪಿಸುಗುಟ್ಟಿದ. ಆಮೇಲೆ ಹಿಂಜರಿಯುತ್ತ ಅವಳನ್ನು ನೋಡಿದ. "ಹಿ ಡಸಂಟ್ ನೋ, ಆಂಟಿ. ಅವನ ಉಮ್ಮಾ ಊರಲ್ಲಿದ್ದಾಳಂತೆ. ಅವಳು ತೆಳ್ಳಗಿದ್ದಾಳಂತೆ."

ಆರು ವರ್ಷದಲ್ಲಿ ಶಹರ್ಬಾನು ದಪ್ಪಗಾಗಿದ್ದಳು, ಕೂದಲು ನರೆತಿತ್ತು. ಅವಳು ವಿಕಾಸನ ಎರಡೂ ತೋಳು ಹಿಡಿದಳು. "ಇನ್ನೊಮ್ಮೆ ಕೇಳು. ಉಳ್ಳಾಲದ ಉಮ್ಮ ಅಂತ ಹೇಳು. ಸರಿಯಾಗಿ ನೋಡ್ಲಿಕ್ಕೆ ಹೇಳು ಅವನಿಗೆ."

"ಆಂಟಿ, ನೋಯ್ತಿದೆ."

ಚಿತ್ರಾ ನೀರಿಗೆ ಧುಮುಕಿದವಳೇ ಮಗನನ್ನು ಕಿತ್ತುಕೊಂಡಳು. "ಸಾಕು ಬಾನು. ಸಾಕು. ಇವನು ಮಗು."

ಅವಳ ಸೊಂಟಕ್ಕೆ ಕಾಲು ಸುತ್ತಿದ ವಿಕಾಸ್ ಭುಜದ ಮೇಲಿಂದ ಸೇತುವೆಯ ಕೆಳಗೆ ಕೈಬೀಸುತ್ತಲೇ ಇದ್ದ. ದಡದಲ್ಲಿ ಝುಲ್ಫಾ ಒದ್ದೆ ಫ್ರಾಕಿನಲ್ಲಿ ನಡುಗುತ್ತ ನಿಂತಿದ್ದಳು, ಅಷ್ಟು ಸೆಕೆಯಲ್ಲೂ.

ಅಂದು ಸಂಜೆ ಗೋಡೆಯಾಚೆಯಿಂದ ಶಹರ್ಬಾನುವಿನ ದನಿ ಒಂದೇ ಸಮನೆ ಕೇಳಿ, ನಿಂತಿತು. ಮುಸ್ಸಂಜೆಯ ಮಗ್ರಿಬ್ ಬಾಂಗು ಮುಗಿದ ಮೇಲೆ ಉಮ್ಮರ್ ಕುಂಞಿ ಚಿತ್ರಾಳ ಮನೆಯ ಗಂಟೆ ಒತ್ತಿದ. ಎತ್ತರದ ಆಳು, ಹೊಸ್ತಿಲ ಹೊರಗೇ ನಿಂತ. ಯಶವಂತ್ ಒಳಗೆ ಕರೆದರೂ ಬರಲಿಲ್ಲ.

"ಅವಳು ಎಲ್ಲ ಹೇಳಿದ್ಲು," ಎಂದ. "ನಿಮ್ಮ ಮಗ ಹೇಳಿದ್ದು ಸರಿ. ಸೇತುವೆ ಕೆಳಗೆ ಸಿಗ್ನಲ್ ಇರ್ಲಿಲ್ಲ. ಇಲ್ಲೇ ಇರು, ಬಂದೆ ಅಂತ ಹೇಳಿ ಮೇಲೆ ಹೋದೆ. ಹೆಣ್ಣು ಅಂತ ಹೇಳಿದ್ರು. ನಾನು ನಗ್ತಾ ಇದ್ದೆ. ಕೆಳಗೆ ಬಗ್ಗಿ, ಶಹೀರ್, ತಂಗಿ ಬಂದಳು ಅಂತ ಹೇಳಿದೆ. ಉತ್ತರ ಬರ್ಲಿಲ್ಲ."



"ಕಡಲು ಅಂತ ಯಾಕೆ ಹೇಳಿದ್ರಿ?" ಎಂದು ಚಿತ್ರಾ ಕೇಳಿದಳು.

"ಝುಲ್ಫಾ ಹುಟ್ಟಿದ ಸುದ್ದಿ ಕೇಳ್ತಾ ಇದ್ದಾಗ ಅವನು ಹೋದ ಅಂತ ಗೊತ್ತಾದ್ರೆ, ಬಾನು ಈ ಮಗುವಿಗೆ ಹಾಲು ಕೊಡ್ತಿದ್ಲಾ? ಮುಖ ನೋಡ್ತಿದ್ಲಾ?" ಅವನು ಕೈಯಿಂದ ಗಡ್ಡ ಉಜ್ಜಿಕೊಂಡ. "ಕಡಲಿನ ಮೇಲೆ ಯಾರೂ ಸಿಟ್ಟು ಇಟ್ಕೊಳ್ಳುದಿಲ್ಲ. ಅದಕ್ಕೆ ಹಾಗೆ ಹೇಳಿದೆ. ಝುಲ್ಫಾಳನ್ನು ಉಳಿಸ್ಲಿಕ್ಕೆ ಹೋಗಿ ಅವಳ ಮುಖ ನೋಡ್ಲಿಕ್ಕಾಗದೆ ಹೋದವನು ನಾನೇ. ಈವರೆಗೆ ಅವಳನ್ನು ಸರಿಯಾಗಿ ಎತ್ತಿಕೊಂಡಿಲ್ಲ."

ಒಳಗೆ ವಿಕಾಸ್ ಟೀವಿಯ ಮುಂದೆ ನಗುತ್ತಿದ್ದ. ಉಮ್ಮರ್ ಕುಂಞಿ ಆ ಕಡೆ ನೋಡಿದ. "ಶುಕ್ರವಾರ ಝುಲ್ಫಾಳ ಹುಟ್ಟಿದ ದಿನ. ಒಂದೇ ಒಂದು ಸಲ ಇವನನ್ನು ಕಳಿಸ್ತೀರಾ? ಅವನು ಇದ್ದಾನಾ ಅಂತ ಹೇಳಿದ್ರೆ ಸಾಕು."

ಚಿತ್ರಾ ಬಹಳ ಹೊತ್ತು ಯೋಚಿಸಲಿಲ್ಲ. "ಇಲ್ಲಣ್ಣ. ಅವನನ್ನ ಆ ನೀರಿಗೆ ಇನ್ನೊಂದ್ಸಲ ಬಿಡಲ್ಲ ನಾನು. ಅಲ್ಲಿಂದ ಬಂದಾಗಿಂದ ನಿದ್ದೆಯಲ್ಲಿ ಯಾರಿಗೋ ಜಾಗ ಬಿಟ್ಟು ಮಲಗ್ತಾನೆ. ನನಗೆ ಹೆದರಿಕೆ ಆಗ್ತದೆ."

"ಸರಿ," ಎಂದ ಅವನು. ಬೇಸರ ಮಾಡಿಕೊಂಡ ಹಾಗೆ ಕಾಣಲಿಲ್ಲ. "ಸರಿ. ಕರೆಯಬೇಕಾದವನು ನಾನೇ."

ಶುಕ್ರವಾರ ಚಿತ್ರಾ ಮಗನನ್ನು ಯಶವಂತನ ಬಳಿ ಬಿಟ್ಟು, ಅವರು ಮೂವರ ಜೊತೆ ಹೋದಳು. ಸ್ಟೀರಿಂಗ್ ಹಿಡಿಯಲು ಉಮ್ಮರ್ ಕುಂಞಿಯ ಕೈ ಒಪ್ಪದ ಕಾರಣ ಅವರ ಕಾರನ್ನು ಅವಳೇ ನಡೆಸಿದಳು. ಪಾರ್ಕು ಮುಚ್ಚುವ ಹೊತ್ತು, ಸೂರ್ಯ ಖರ್ಜೂರದ ಗರಿಗಳ ಹಿಂದೆ ಇಳಿದಿದ್ದ. ಕಿನುಯೊ ಉಮ್ಮರ್ ಕುಂಞಿಯನ್ನು ಕಂಡವಳೇ ಏನೂ ಕೇಳದೆ ಬಾಗಿಲು ಪೂರ್ತಿ ತೆರೆದು, ಬಾಗಿ ನಿಂತಳು. ಈ ಸಲ ಅವನು ಓಡಿಹೋಗಲಿಲ್ಲ.

ಕಿನುಯೊಳ ಊರಿನಲ್ಲಿ ಅವು ಸತ್ತವರು ಮನೆಗೆ ಬಂದು ಹೋಗುವ ದಿನಗಳಂತೆ. ಕಾಗದದ ಪುಟ್ಟ ದೀಪಗಳನ್ನು ಅವಳು ಒಂದೊಂದಾಗಿ ಕಾಲುವೆಯಲ್ಲಿ ತೇಲಿಬಿಡುತ್ತಿದ್ದಳು. ಒಂದನ್ನು ಉಮ್ಮರ್ ಕುಂಞಿಗೂ ಚಾಚಿದಳು. ಅವನು ಬೇಡವೆಂದು ತಲೆಯಲ್ಲಾಡಿಸಿ, ಅವಳಿಗೆ ನೋವಾಗದಂತೆ ಎದೆಯ ಮೇಲೆ ಕೈಯಿಟ್ಟು, ಎರಡೂ ಅಂಗೈ ಮೇಲಕ್ಕೆತ್ತಿ ತನ್ನ ಪ್ರಾರ್ಥನೆಯನ್ನೇ ಹೇಳಿಕೊಂಡ. ಶಹರ್ಬಾನು ಪಕ್ಕದಲ್ಲಿ ನಿಂತು ಆಮೀನ್ ಎಂದಳು. ದೀಪಗಳು ತಿರುವಿನಲ್ಲಿ ಒಂದಕ್ಕೊಂದು ತಾಗಿ ಕೊಳದ ಕಡೆ ಸಾಗಿದವು.

ಆಮೇಲೆ ಅವನು ಬೂಟು ಬಿಚ್ಚಿ, ಪ್ಯಾಂಟು ಮಡಚದೆ ನೀರಿಗೆ ಇಳಿದ. ನೀರು ಅವನ ಮೊಣಕಾಲಿನ ಕೆಳಗೇ ನಿಂತಿತು. ಅವನು ನಿಂತು ಅದನ್ನೇ ನೋಡಿದ. ಇಷ್ಟೇ ನೀರು ಎಂಬುದು ಇಷ್ಟು ವರ್ಷವೂ ಬೇಲಿಯಾಚೆಯಿಂದ ಅವನಿಗೆ ಕಂಡಿರಲಿಕ್ಕಿಲ್ಲ. ಅವನ ಭುಜಗಳು ಅಲುಗಲು ತೊಡಗಿದವು. ಶಹರ್ಬಾನು ಮುಂದಕ್ಕೆ ಹೆಜ್ಜೆಯಿಟ್ಟಳು. ಅವನು ಕೈಸನ್ನೆಯಿಂದ ತಡೆದ.

ಸೇತುವೆಯ ಕೆಳಗೆ ಹೋಗಿ ಬಗ್ಗಿದ. "ಮೋನೇ," ಎಂದ, ಮಗನೇ ಎಂದು ತಮ್ಮ ಭಾಷೆಯಲ್ಲಿ. "ಬಂದೆ. ಮಾತು ಮುಗೀತು. ಬಾ, ಹೋಗುವ." ಆಮೇಲೆ ಇನ್ನೂ ಮೆಲ್ಲಗೆ, "ತಂಗಿ ಬಂದಿದ್ದಾಳೆ ನೋಡು."

ಉತ್ತರಕ್ಕೆ ಕಾಯುವವನಂತೆ ನಿಂತ. ಬಿದಿರಿನ ಸದ್ದು ನಿಂತಿದೆಯೆಂದು ಚಿತ್ರಾಳಿಗೆ ಆಗ ಗಮನಕ್ಕೆ ಬಂತು. ಪಂಪು ನಿಲ್ಲಿಸಿರಬೇಕು, ಅಥವಾ ನಿಲ್ಲಿಸಿಲ್ಲವೋ ಏನೋ, ಅವಳು ಕೇಳಲಿಲ್ಲ. ಉಮ್ಮರ್ ಕುಂಞಿ ಬಲಗೈಯನ್ನು ನೀರಿಗೆ ಚಾಚಿದ. ಅದು ಬಹಳ ಹೊತ್ತು ನೀರಿನಲ್ಲೇ ಇತ್ತು. ನಂತರ ಅವನ ಬೆರಳುಗಳು ಮೆಲ್ಲಗೆ ಮಡಚಿಕೊಂಡವು, ಒಳಗೆ ಏನೋ ಇರುವಂತೆ, ಅದು ನೋಯಬಾರದೆಂಬಂತೆ.

ಅವನು ಹಾಗೇ ಮೇಲೆ ಬಂದ. ಬಲಗೈ ಸ್ವಲ್ಪ ಪಕ್ಕಕ್ಕೆ, ಸ್ವಲ್ಪ ಕೆಳಕ್ಕೆ. ಹೆಜ್ಜೆ ಎಂದಿಗಿಂತ ಗಿಡ್ಡ. ಮೆಟ್ಟಿಲ ಬಳಿ ಒಮ್ಮೆ ನಿಂತು, ಕಾದು, ಮತ್ತೆ ನಡೆದ. ಯಾರೂ ಅವನ ಬಲಗಡೆಗೆ ಹೋಗಲಿಲ್ಲ. ಕಾರಿನಲ್ಲಿ ಅವನು ಹಿಂದೆ ಕುಳಿತ. ಈಗಾಗಲೇ ಹತ್ತಿ ಕುಳಿತಿದ್ದ ಝುಲ್ಫಾ ಯಾರೂ ಹೇಳದೆಯೇ ಕಿಟಕಿಗೆ ಒತ್ತಿಕೊಂಡು ನಡುವೆ ಜಾಗ ಬಿಟ್ಟಳು. ಕನ್ನಡಿಯಲ್ಲಿ ಚಿತ್ರಾಳಿಗೆ ಆ ಖಾಲಿ ಜಾಗ ಕಾಣುತ್ತಿತ್ತು. ಮಾಹೂಝ್ ಬರುವವರೆಗೆ ಅವಳು ಮತ್ತೆ ಕನ್ನಡಿ ನೋಡಲಿಲ್ಲ.

ಆ ರಾತ್ರಿಯಿಂದ ವಿಕಾಸ್ ಹಾಸಿಗೆಯ ತುಂಬ ಕೈಕಾಲು ಚೆಲ್ಲಿ ಮಲಗತೊಡಗಿದ. ಸೇತುವೆಯ ಹುಡುಗನ ಮಾತು ಎತ್ತಲಿಲ್ಲ. ಪಕ್ಕದ ಮನೆಯಲ್ಲೂ ಬದಲಾವಣೆ ಕಾಣಿಸಿತು. ಉಮ್ಮರ್ ಕುಂಞಿ ಸಂಜೆ ಬೇಗ ಬರುತ್ತಿದ್ದ. ಝುಲ್ಫಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮೆಟ್ಟಿಲು ಹತ್ತುವುದನ್ನು ಚಿತ್ರಾ ಮೊದಲ ಸಲ ನೋಡಿದಳು. ಗೋಡೆಯಾಚೆ ನಗು ಕೇಳುತ್ತಿತ್ತು. ಶಹರ್ಬಾನು ಮೀನುಸಾರಿನ ಬಟ್ಟಲು ಹಿಡಿದು ಬರುತ್ತಿದ್ದಳು, ಮೊದಲಿನಂತೆ. ಆದರೆ ಹೆಚ್ಚು ಹೊತ್ತು ಕೂರುತ್ತಿರಲಿಲ್ಲ. "ಮಕ್ಕಳು ಕಾಯ್ತಾರೆ," ಎಂದು ಎದ್ದುಬಿಡುತ್ತಿದ್ದಳು. ಅವಳು ಮಕ್ಕಳು ಎಂದಾಗಲೆಲ್ಲ ಚಿತ್ರಾಳ ಬೆನ್ನಿಗೆ ಆ ಕೊಳದ ತಣ್ಣನೆಯ ನೀರು ತಾಕಿದಂತಾಗುತ್ತಿತ್ತು. ಆಟಕ್ಕೆಂದು ವಿಕಾಸ್ ಆ ಮನೆಗೆ ಹೋಗುವುದನ್ನು ಅವಳು ಒಂದಲ್ಲ ಒಂದು ನೆಪ ಹೇಳಿ ತಪ್ಪಿಸಿದಳು. ಶಹರ್ಬಾನುವಿಗೆ ಅದು ತಿಳಿಯಿತು, ಕೇಳಲಿಲ್ಲ.

ಎರಡು ವರ್ಷದ ನಂತರ ಯಶವಂತನಿಗೆ ಮಸ್ಕತ್ತಿನಲ್ಲಿ ಕೆಲಸ ಸಿಕ್ಕಿತು. ಹೊರಡುವ ಮುನ್ನಾದಿನ ಮಧ್ಯಾಹ್ನ ಶಹರ್ಬಾನು ಊಟಕ್ಕೆ ಕರೆದಳು. ಇದನ್ನು ತಪ್ಪಿಸುವಂತಿರಲಿಲ್ಲ. ಆರು ವರ್ಷದ ವಿಕಾಸ್ ಎಷ್ಟೋ ದಿನದ ಮೇಲೆ ಆ ಮನೆಯೊಳಗೆ ಕಾಲಿಟ್ಟ. ಊಟವಾದ ಮೇಲೆ ಕೈ ಒರೆಸಿಕೊಳ್ಳುತ್ತ ಶಹರ್ಬಾನು ಅವನ ಮುಂದೆ ಕುಳಿತಳು. ಈ ಸಲ ಅವನನ್ನು ಮುಟ್ಟಲಿಲ್ಲ.

"ವಿಕಾಸ್, ಒಂದೇ ಮಾತು ಕೇಳ್ತೇನೆ. ಈ ಮನೆಯಲ್ಲಿ ಯಾರೆಲ್ಲ ಇದ್ದಾರೆ ಹೇಳು."

ಉಮ್ಮರ್ ಕುಂಞಿ ಬಾಗಿಲ ಬಳಿ ನಿಂತಲ್ಲೇ ನಿಂತ. ವಿಕಾಸ್ ಸುತ್ತ ನೋಡಿದ, ಸೋಫಾ, ಕಿಟಕಿ, ಒಳಗಿನ ಕೋಣೆಯ ಅರ್ಧ ತೆರೆದ ಬಾಗಿಲು. ಪ್ರಶ್ನೆಯಲ್ಲಿ ಏನೋ ಮೋಸವಿದೆಯೆಂದು ಅವನಿಗೆ ಅನಿಸಿರಬೇಕು. ಬೆರಳು ಮಡಚಿ ಎಣಿಸಿದ.

"ಯು, ಅಂಕಲ್, ಝುಲ್ಫಾ. ಅಮ್ಮ, ನಾನು."

"ಮತ್ತೆ?"

"ಅಷ್ಟೇ, ಆಂಟಿ."

ಅವನಿಗೆ ಏನೂ ನೆನಪಿರಲಿಲ್ಲ. ಮುಖ ನೋಡಿದರೆ ಗೊತ್ತಾಗುತ್ತಿತ್ತು. ಚಿತ್ರಾಳಿಗೆ ಹಾಯೆನಿಸಿತು, ಮರುಕ್ಷಣವೇ ಶಹರ್ಬಾನುವಿನ ಕಡೆ ನೋಡಲು ಹೆದರಿಕೆಯಾಯಿತು. ಆದರೆ ಶಹರ್ಬಾನು ಕುಸಿಯಲಿಲ್ಲ. ಒಳಕೋಣೆಯ ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿ, ತಲೆದೂಗಿದಳು.

"ನಿದ್ದೆ ಬಂದಿರ್ಬೇಕು ಅವನಿಗೆ," ಎಂದಳು. "ಊಟ ಆದ ಕೂಡ್ಲೆ ಮಲಗ್ತಾನೆ."

ಎದ್ದು ಹೋಗಿ ಆ ಬಾಗಿಲನ್ನು ಸದ್ದಾಗದಂತೆ ಮುಚ್ಚಿ ಬಂದಳು. ಆಮೇಲೆ ಚಹಾ ಮಾಡಿದಳು. ಮಸ್ಕತ್ತಿನ ಬಾಡಿಗೆ, ಶಾಲೆ, ಊರಿಗೆ ಹೋಗುವ ವಿಮಾನ, ಎಲ್ಲದರ ಬಗ್ಗೆ ವಿಚಾರಿಸಿದಳು, ದನಿ ತಗ್ಗಿಸಿಕೊಂಡು. ಚಿತ್ರಾಳೂ ಎಲ್ಲದಕ್ಕೂ ಉತ್ತರಿಸಿದಳು. ಎದ್ದು ಹೊರಡುವ ತನಕ ತಾನೂ ಪಿಸುದನಿಯಲ್ಲೇ ಮಾತಾಡುತ್ತಿದ್ದೆನೆಂದು ಅವಳಿಗೆ ಗೊತ್ತಾಗಲೇ ಇಲ್ಲ.